ಟಿಕೆಟ್ ಕೊಡುವುದಕ್ಕೆ ಯಾವ ಜನಗಣತಿ ಬೇಕು?

ಸಂಪಾದಕರೇ,

ಕಾಫಿ ಕೊಯ್ಲಿನ ಟೈಮಲ್ಲಿ ನಮ್ಮ ಕಡೆ ಬಂದು ನೋಡಿ, ಕೊಯ್ಯುವವರಲ್ಲಿ ಹೆಂಗಸರೇ ಜಾಸ್ತಿ. ಎಳೆ ಮಕ್ಕಳಿದ್ದರೆ ಸಿಲ್ವರ್ ಓಕ್ ನೆರಳಲ್ಲಿ ಸೀರೆಯ ಜೋಲಿ ಕಟ್ಟಿ ಮಲಗಿಸುತ್ತಾರೆ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಒಂದು ಕೋಣೆ ಇರಬೇಕು ಅಂತ ಬರೆದಿದ್ದರು, ಆದರೆ ಅದು 50 ಹೆಂಗಸರಾದರೂ ಇರುವ ತೋಟಕ್ಕೆ. ಕೊಡಗಿನಲ್ಲಿ ಹೆಚ್ಚಿನವು ಸಣ್ಣ ತೋಟಗಳೇ. ನಮ್ಮಲ್ಲಿಗೆ ಬರುವುದು ಹತ್ತು ಹನ್ನೆರಡು ಜನ. (ನಮ್ಮಲ್ಲೂ ಕೋಣೆ ಇಲ್ಲ, ಮುಚ್ಚಿಡುವುದೇಕೆ.) ಆ 50ರ ಲೆಕ್ಕ ಬರೆಯುವಾಗ ಜೋಲಿ ತೂಗಿದವಳೊಬ್ಬಳು ಅಲ್ಲಿ ಕೂತಿದ್ದರೆ, ಹತ್ತು ಜನ ಇದ್ದ ಕಡೆ ಮಗು ಎಲ್ಲಿ ಮಲಗಬೇಕು ಅಂತ ಕೇಳುತ್ತಿದ್ದಳು, ಅಲ್ವಾ?

ಹಾಗೆ ಕೇಳುವವರು ದಿಲ್ಲಿಯಲ್ಲಿ ಇವತ್ತಿಗೂ ಕಡಿಮೆ. 2019ರಲ್ಲಿ ಲೋಕಸಭೆಗೆ ಗೆದ್ದ ಹೆಂಗಸರು 78, 2024ರಲ್ಲಿ 543ರ ಪೈಕಿ 74. ನಡುವೆ 2023ರಲ್ಲಿ ಹೆಂಗಸರಿಗೆ ಮೂರರಲ್ಲೊಂದು ಸೀಟು ಕೊಡುವ ಮೀಸಲಾತಿ ಮಸೂದೆ ಲೋಕಸಭೆಯಲ್ಲಿ 454-2 ವೋಟಿನಿಂದ ಪಾಸಾಗಿತ್ತು, ಚಪ್ಪಾಳೆಯೂ ಆಗಿತ್ತು! ದೇವೇಗೌಡರು ಪ್ರಧಾನಿ ಆಗಿದ್ದಾಗ 1996ರಲ್ಲಿ ಮೊದಲು ತಂದ ಮಸೂದೆ ಅದು, 27 ವರ್ಷ ಅಲೆದು ಅಲೆದು ಪಾಸಾದ ಮೇಲೂ ಜನಗಣತಿ, ಕ್ಷೇತ್ರ ಮರುವಿಂಗಡಣೆ ಆಮೇಲೆ ಜಾರಿ ಅಂತ ಗಂಟು ಹಾಕಿಟ್ಟರು. ಕರ್ನಾಟಕದ 28 ಸೀಟಿನಲ್ಲಿ 2024ರಲ್ಲಿ ಗೆದ್ದ ಹೆಂಗಸರು ಮೂವರು. ಕೊಡಗಿನ ಕಥೆ ಇನ್ನೂ ಬೇರೆ. 1952ರಲ್ಲಿ ನಮಗೇ ಒಂದು ಸೀಟಿತ್ತು, ಆಮೇಲೆ ಮಂಗಳೂರಿನ ಜೊತೆ ಸೇರಿದೆವು, 2009ರಿಂದ ಮೈಸೂರಿನ ಜೊತೆ ಇದ್ದೇವೆ, ಜೊತೆಗಾರರು ಬದಲಾದರೇ ಹೊರತು ಒಬ್ಬ ಹೆಂಗಸನ್ನೂ ನಾವು ಲೋಕಸಭೆಗೆ ಕಳಿಸಿಲ್ಲ. ಪ್ರೇಮಾ ಕಾರ್ಯಪ್ಪ ರಾಜ್ಯಸಭೆಯಲ್ಲಿದ್ದರು ನಿಜ, ಅದಕ್ಕೆ ವೋಟು ಹಾಕುವವರು ಶಾಸಕರು, ನಾವಲ್ಲ.

ಹೆಂಗಸರು ಗೆದ್ದರೂ ಗಂಡನದೇ ದರ್ಬಾರು ಅನ್ನುವವರಿದ್ದಾರೆ. ನಾನೂ ನೋಡಿದ್ದೇನೆ. ಗ್ರಾಮಸಭೆಯಲ್ಲಿ ಸದಸ್ಯೆಯ ಹೆಸರು ಕರೆದರೆ ಎದ್ದು ನಿಂತದ್ದು ಆಕೆಯ ಗಂಡ. ಅದೇ ಸದಸ್ಯೆ ಎರಡು ವರ್ಷ ಕಳೆಯುವಷ್ಟರಲ್ಲಿ ಗಂಡನನ್ನು ಹಿಂದಿನ ಬೆಂಚಿಗೆ ಕಳಿಸಿ, ನೀರಿನ ಪೈಪಿನ ವಿಷಯಕ್ಕೆ ಪಿಡಿಒ ಜೊತೆ ಜಗಳಕ್ಕೆ ನಿಂತದ್ದನ್ನೂ ನೋಡಿದ್ದೇನೆ. ಕೂತರೆ ತಾನೇ ಕಲಿಯುವುದು. ಇನ್ನು ಒಬ್ಬರಿಂದ ಏನಾಗುತ್ತದೆ ಅನ್ನುವವರಿಗೆ, ನಾಟ್ಯದ ರುಕ್ಮಿಣಿ ದೇವಿ ಅರುಂಡೇಲ್ ನೆನಪಿರಲಿ. ನಾಮನಿರ್ದೇಶನಗೊಂಡ ರಾಜ್ಯಸಭಾ ಸದಸ್ಯೆ, ಹಿಂದೆ ಪಕ್ಷವಿಲ್ಲ. ಅವರು ತಂದ ಖಾಸಗಿ ಮಸೂದೆಯಿಂದಲೇ ಕೊನೆಗೆ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ಬಂತು.

ನನಗೆ ಅರ್ಥವಾಗದ್ದು ಒಂದೇ. ಟಿಕೆಟ್ ಕೊಡುವುದಕ್ಕೆ ಪಕ್ಷಗಳಿಗೆ ಯಾವ ಜನಗಣತಿ ಬೇಕು? ಒಡಿಶಾದಲ್ಲಿ ಬಿಜೆಡಿ (ಬಿಜು ಜನತಾ ದಳ) ಪಕ್ಷ 2019ರಲ್ಲಿ, ಯಾವ ಕಾಯಿದೆಯೂ ಇಲ್ಲದೆ, ಲೋಕಸಭೆಯ 21ರಲ್ಲಿ 7 ಟಿಕೆಟ್ ಹೆಂಗಸರಿಗೆ ಕೊಟ್ಟಿತು, ಐವರು ಗೆದ್ದರು. ಅದರಲ್ಲಿ ಪ್ರಮೀಳಾ ಬಿಸೋಯಿ ಸ್ವಸಹಾಯ ಸಂಘದಲ್ಲಿ ದುಡಿದು ಬಂದ ಹಳ್ಳಿ ಹೆಂಗಸು. ನಮ್ಮಲ್ಲಿ ಸ್ತ್ರೀಶಕ್ತಿ ಸಂಘ ಇಲ್ಲದ ಊರು ಯಾವುದಿದೆ ಹೇಳಿ? ಸಾಲದ ಲೆಕ್ಕ, ಮೀಟಿಂಗು, ಬ್ಯಾಂಕಿನವರ ಹತ್ತಿರ ಮಾತು ಎಲ್ಲಾ ಅವರೇ ನೋಡಿಕೊಳ್ಳುತ್ತಾರೆ. ಚುನಾವಣೆ ಬಂದಾಗ ಮಾತ್ರ ಅವರನ್ನು ಸುಮ್ನೆ ಮೆರವಣಿಗೆಯಲ್ಲಿ ಬಾವುಟ ಹಿಡಿಯಲು ಕರೆಯುತ್ತಾರೆ.

ಮುಂದಿನ ಸಲ ವೋಟು ಕೇಳಿಕೊಂಡು ನಮ್ಮ ಗೇಟಿಗೆ ಬರುವ ಎಲ್ಲಾ ಪಕ್ಷದವರನ್ನೂ ಇದನ್ನೇ ಕೇಳುವವಳಿದ್ದೇನೆ. ಕಾಫಿ ಖಂಡಿತ ಕೊಡುತ್ತೇನೆ, ಉತ್ತರ ಹೇಳಿದ ಮೇಲೆ.

– ಒಬ್ಬ ಕಾಫಿ ಬೆಳೆಗಾರ್ತಿ, ಪೊನ್ನಂಪೇಟೆ