ಸದಸ್ಯರ ಹೆಸರಿನಲ್ಲಿ ಉದ್ಧರಣ ಚಿಹ್ನೆ ಕೆಡುತ್ತಿರುವ ಬಗ್ಗೆ ದೂರು

ಇಂದ: ಕಂಪ್ಯೂಟರ್ ವಿಭಾಗ, ಪತ್ತಿನ ಸಹಕಾರಿ ಸಂಘ, ಹೊನ್ನಾವರ
ಇವರಿಗೆ: ವ್ಯವಸ್ಥಾಪಕರು, ತಂತ್ರಾಂಶ ಪೂರೈಕೆ ಸಂಸ್ಥೆ

ಮಾನ್ಯರೇ,

ನೀವು ಒದಗಿಸಿದ ಸದಸ್ಯತ್ವ ತಂತ್ರಾಂಶದಲ್ಲಿ ಡಿ'ಸೋಜಾ, ಡಿ'ಕೋಸ್ತಾ ಮುಂತಾದ ಹೆಸರುಗಳು ಉಳಿಸಿದಷ್ಟು ಸಲವೂ ಕೆಡುತ್ತಿವೆ. ಕಾರವಾರದಿಂದ ಭಟ್ಕಳದವರೆಗೆ ಇವು ಅಪರೂಪದ ಹೆಸರುಗಳೇನಲ್ಲ. 'ಚಿಹ್ನೆ ಬಿಟ್ಟು ಟೈಪ್ ಮಾಡಿ' ಎಂಬ ನಿಮ್ಮ ಸಹಾಯವಾಣಿಯ ಸಲಹೆಯನ್ನು ಒಪ್ಪಲಾಗದು.

ಹೊಸ ಅರ್ಜಿಯಲ್ಲಿ ಡಿ'ಸೋಜಾ ಎಂದು ಉಳಿಸಿದರೆ ಡೇಟಾಬೇಸಿನಲ್ಲಿ ಡಿ\'ಸೋಜಾ ಎಂದಾಗುತ್ತದೆ. ಅದನ್ನೇ ತೆರೆದು ಬರೀ ಫೋನ್ ನಂಬರ್ ಬದಲಿಸಿದರೂ ಡಿ\\\'ಸೋಜಾ. ಇನ್ನೊಮ್ಮೆ ಉಳಿಸಿದರೆ ಏಳು ಬ್ಯಾಕ್‌ಸ್ಲ್ಯಾಷ್ (\). 1, 3, 7 ಎಂದು ಏರುತ್ತಿದೆ ಎಂದರೆ ಎಸ್ಕೇಪ್ (ಚಿಹ್ನೆಯನ್ನು ಪಠ್ಯದ ಭಾಗವೆಂದೇ ಓದಲು ಅದಕ್ಕೆ ಮೊದಲು ಬ್ಯಾಕ್‌ಸ್ಲ್ಯಾಷ್ ಸೇರಿಸುವುದು) ಎರಡು ಸಲ ಆಗುತ್ತಿದೆ: ಅರ್ಜಿಯ ಪಠ್ಯ ಒಳಬಂದಾಗ ಒಮ್ಮೆ, ಕ್ವೆರಿ (ಡೇಟಾಬೇಸಿಗೆ ಕಳಿಸುವ ಆದೇಶ) ಕಟ್ಟುವಾಗ ಮತ್ತೊಮ್ಮೆ. ಒಂದು ಪದರವನ್ನು ಡೇಟಾಬೇಸ್ ಬಿಚ್ಚಿಕೊಳ್ಳುತ್ತದೆ, ಇನ್ನೊಂದು ಹೆಸರಿಗೇ ಅಂಟಿಕೊಳ್ಳುತ್ತದೆ. ಇದು ಮ್ಯಾಜಿಕ್ ಕೋಟ್ಸ್ (ಒಳಬಂದ ಪಠ್ಯವನ್ನು ತಾನಾಗಿಯೇ ಎಸ್ಕೇಪ್ ಮಾಡುತ್ತಿದ್ದ, ಪಿಎಚ್‌ಪಿ ಪ್ರೋಗ್ರಾಮಿಂಗ್ ಭಾಷೆಯ ಸೌಲಭ್ಯ) ಕಾಲದ ರೂಢಿ. ಪಿಎಚ್‌ಪಿ 2012ರಲ್ಲಿ, 5.4ನೇ ಆವೃತ್ತಿಯಲ್ಲೇ ಅದನ್ನು ಕಿತ್ತುಹಾಕಿದೆ.

ವರದಿಯ ಹುಡುಕು ಪೆಟ್ಟಿಗೆಯಲ್ಲಿ ಇದರ ಉಲ್ಟಾ: ಅಲ್ಲಿ ಎಸ್ಕೇಪೇ ಇಲ್ಲ. ಡಿ'ಸೋಜಾ ಎಂದು ಹಾಕಿದರೆ ಸಿಂಟ್ಯಾಕ್ಸ್ ಎರರ್. ಚಿಹ್ನೆ ಬಂದಲ್ಲಿಗೆ ಪಠ್ಯ ಮುಗಿಯಿತೆಂದು ತಿಳಿದು ಡೇಟಾಬೇಸ್ 'ಸೋಜಾ'ವನ್ನು ಆದೇಶವಾಗಿ ಓದುತ್ತಿದೆ. ಹಾಗಿದ್ದಮೇಲೆ ಗೊತ್ತಿದ್ದವರು ಅದೇ ಪೆಟ್ಟಿಗೆಯಿಂದ ನಿಜವಾದ ಆದೇಶವನ್ನೂ ತೂರಿಸಬಹುದು. ಠೇವಣಿ ಲೆಕ್ಕ ಇರುವ ಕಡೆ ಇದು ಸಣ್ಣ ವಿಷಯವಲ್ಲ. ಸರಿಯಾಗುವವರೆಗೆ ಆ ಪೆಟ್ಟಿಗೆಯನ್ನು ಇಂದೇ ಮುಚ್ಚಿ.

ಕ್ವೆರಿಗೆ ಪಠ್ಯ ಜೋಡಿಸುವುದನ್ನು ಎಲ್ಲ ಕಡೆ ಬಿಟ್ಟು ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಪಠ್ಯದ ಜಾಗ ಖಾಲಿ ಬಿಟ್ಟು ಮೊದಲೇ ಸಿದ್ಧಪಡಿಸಿದ ಆದೇಶ) ಬಳಸಿ, ಹೆಸರನ್ನು ಪ್ಯಾರಾಮೀಟರ್ ಆಗಿ, ಅಂದರೆ ಆದೇಶದಿಂದ ಬೇರೆಯಾಗಿ, ಕಳಿಸಿ. ಜೊತೆಗೇ ಹಳೆಯ ಎಸ್ಕೇಪ್ ಸಾಲುಗಳನ್ನೂ ತೆಗೆಯಬೇಕು, ಇಲ್ಲದಿದ್ದರೆ ಬ್ಯಾಕ್‌ಸ್ಲ್ಯಾಷ್ ಹೋಗುವುದಿಲ್ಲ. ಎಚ್‌ಟಿಎಂಎಲ್ ಎಸ್ಕೇಪ್ (ವೆಬ್ ಪುಟಕ್ಕಾಗಿ ಚಿಹ್ನೆಯನ್ನು ಸಂಕೇತವಾಗಿ ಬದಲಿಸುವುದು) ಪರದೆಗೆ ತೋರಿಸುವಾಗ ಮಾತ್ರ ಸಾಕು. ಚಿಹ್ನೆಯ ಸಂಕೇತವಾದ ' ಡೇಟಾಬೇಸಿಗೆ ಹೋದರೆ ಪಾಸ್‌ಬುಕ್ಕಿನಲ್ಲೂ ಹಾಗೆಯೇ ಅಚ್ಚಾಗುತ್ತದೆ.

ಕೋಡ್ ಸರಿಯಾದ ಮೇಲೆ, ಬ್ಯಾಕಪ್ ಇಟ್ಟುಕೊಂಡು, ಹಳೆಯ ದಾಖಲೆ ಮುಟ್ಟಿ. ಉದ್ಧರಣ ಚಿಹ್ನೆಗೆ ತಾಗಿರುವ ಬ್ಯಾಕ್‌ಸ್ಲ್ಯಾಷ್‌ಗಳನ್ನಷ್ಟೇ, ಹೆಸರು ಮತ್ತು ವಿಳಾಸದ ಕಾಲಂಗಳಲ್ಲಿ ಮಾತ್ರ ತೆಗೆಯಿರಿ. ಇಡೀ ಟೇಬಲ್‌ಗೆ ರಿಪ್ಲೇಸ್ ಓಡಿಸಿದರೆ ಸಹಿಯ ಫೋಟೊಗಳ ಫೈಲ್ ಪಾತ್‌ಗಳೂ (ಬ್ಯಾಕ್‌ಸ್ಲ್ಯಾಷ್ ಇರುವ ಫೈಲ್ ವಿಳಾಸಗಳು) ಹಾಳಾಗುತ್ತವೆ. ಮೊಬೈಲಿನಿಂದ ಬರುವ ಬಾಗಿದ ಚಿಹ್ನೆ (ಯೂನಿಕೋಡ್ 2019) ಬೇರೆ, ಕೀಬೋರ್ಡಿನ ನೇರ ಚಿಹ್ನೆ (0027) ಬೇರೆ. ಯಾವುದನ್ನು ಹಾಕಿ ಹುಡುಕಿದರೂ ಸದಸ್ಯರು ಸಿಗಬೇಕು.

ತಿದ್ದಿದ ಆವೃತ್ತಿಯಲ್ಲಿ ಒಂದೇ ಹೆಸರನ್ನು ಮೂರು ಸಲ ತೆರೆದು ಉಳಿಸಿ, ಡೇಟಾಬೇಸಿನಲ್ಲಿ ಅದರ ಅಕ್ಷರಗಳ ಉದ್ದ ಬದಲಾಗಿಲ್ಲವೆಂದು ನಮ್ಮೆದುರು ತೋರಿಸಿ. ಅಲ್ಲಿಯವರೆಗೆ ವಾರ್ಷಿಕ ನಿರ್ವಹಣಾ ಶುಲ್ಕದ ಬಾಕಿ ಕಂತನ್ನು ತಡೆಹಿಡಿದಿದ್ದೇವೆ.

ಇಂತಿ,
ಕಂಪ್ಯೂಟರ್ ವಿಭಾಗದ ಪರವಾಗಿ