ಕೀಮೋ ಮುಗಿಯಿತು, ಥ್ಯಾಂಕ್ಸ್ ಹೇಳೋದಿದೆ

ಮೂಡಿಗೆರೆ ಕಡೆಯ ಸ್ನೇಹಿತರೆಲ್ಲ ವಿಚಾರಿಸುತ್ತಿದ್ದೀರಿ. ನನಗೆ ಬಂದಿದ್ದು ಕರುಳಿನ ಕ್ಯಾನ್ಸರ್. ಕರುಳಿನ ಆಪರೇಷನ್, ಲಿವರ್‌ಗೆ ಹರಡಿದ್ದ ಗಂಟಿನ ಆಪರೇಷನ್, ಕೀಮೋ ಎಲ್ಲ ಮುಗಿದಿದೆ. ಈ ಸಲದ ಸ್ಕ್ಯಾನ್‌ನಲ್ಲಿ ಏನೂ ಕಂಡಿಲ್ಲ. ಫಾಲೋಅಪ್ ಅಂತೂ ಇದ್ದೇ ಇದೆ.

ಮೊದಲ ಥ್ಯಾಂಕ್ಸ್ ಅಕ್ಕನ ಮಗಳಿಗೆ. ನನ್ನ ರಿಪೋರ್ಟ್‌ನಲ್ಲಿ ಕೆ-ರಾಸ್ ಮ್ಯುಟೇಷನ್, ಅಂದರೆ ಗಡ್ಡೆಯ ಕೆ-ರಾಸ್ ಅನ್ನೋ ಜೀನ್ ಕೆಟ್ಟಿದೆ ಎಂದು ಬಂದಿತ್ತು. ಪಕ್ಕದ ಬೆಡ್‌ನವರಿಗೆ ಕೊಡುತ್ತಿದ್ದ ಸೆಟುಕ್ಸಿಮ್ಯಾಬ್ ಇಂಜೆಕ್ಷನ್ ನಿಮಗೆ ಬೇಡ ಎಂದರು ಡಾಕ್ಟರ್. ಮನೆಯಲ್ಲಿ ಒಂದೇ ಗಲಾಟೆ. ದುಡ್ಡಿಲ್ಲ ಅಂತ ಕೊಡ್ತಿಲ್ವಾ? ಇರೋ ಒಂದೆಕರೆ ತೋಟ ಅಡ ಇಡೋಣ ಎಂದು ತಮ್ಮ ಹೊರಟೇಬಿಟ್ಟ.

ಬಯೋಟೆಕ್ನಾಲಜಿ ಓದುವ ಈ ಹುಡುಗಿ ನನ್ನ ಹಾಜರಿ ಪುಸ್ತಕದ ಕೊನೇ ಪುಟದಲ್ಲಿ ಚಿತ್ರ ಬರೆದು ಕೂರಿಸಿಕೊಂಡಳು. ಜೀವಕೋಶದ ಹೊರಮೈಯಲ್ಲಿ ಇಜಿಎಫ್‌ಆರ್ ಅನ್ನೋ ಪ್ರೋಟೀನ್. ಹೊರಗಿಂದ 'ಬೆಳಿ' ಎಂಬ ಸಂದೇಶ ಬಂದರೆ ಅದು ಒಳಗಿನ ರಾಸ್ ಪ್ರೋಟೀನ್‌ಗೆ (ಕೆ-ರಾಸ್ ಅದರಲ್ಲೊಂದು), ರಾಸ್‌ನಿಂದ ರಾಫ್ ಅನ್ನೋ ಇನ್ನೊಂದು ಪ್ರೋಟೀನ್‌ಗೆ, ಹೀಗೇ ಕೈಯಿಂದ ಕೈಗೆ ದಾಟಿ ನ್ಯೂಕ್ಲಿಯಸ್ ಮುಟ್ಟುತ್ತದೆ. ಆಮೇಲೆ ರಾಸ್ ಆಫ್ ಆಗಬೇಕು. ನನ್ನ ಗಡ್ಡೆಯಲ್ಲಿ ಅದು ಆನ್ ಆಗಿಯೇ ಕೂತಿತ್ತು. ಆ ಇಂಜೆಕ್ಷನ್ ತಡೆಯುವುದು ಮೇಲಿನ ಇಜಿಎಫ್‌ಆರನ್ನು. "ಮಾಮ, ಗೇಟ್ ಮುಚ್ಚಿ ಏನು ಪ್ರಯೋಜನ, ಕಳ್ಳ ಒಳಗೇ ಇದ್ದಾನಲ್ಲ" ಎಂದಳು. ಈ ಕ್ಯಾನ್ಸರ್ ಬಂದವರಲ್ಲಿ 100ಕ್ಕೆ ಸುಮಾರು 40 ಮಂದಿಯದು ಇದೇ ಕಥೆ. ತೋಟ ಉಳಿಯಿತು.

ಎರಡನೆಯದು ತಮ್ಮನಿಗೇ. ಕೆ-ರಾಸ್‌ಗಿಂತ ಮುಂಚೆ ಸಾಮಾನ್ಯವಾಗಿ ಕೆಡುವುದು ಎಪಿಸಿ ಅನ್ನೋ ಜೀನ್. ಬೀಟಾ-ಕೆಟೆನಿನ್ ಪ್ರೋಟೀನ್ ಅತಿಯಾಗದ ಹಾಗೆ ಕಾಯುವುದು ಅದರ ಕೆಲಸ. ಅದು ಕೈಕೊಟ್ಟರೆ ಜೀವಕೋಶಕ್ಕೆ 'ಬೆಳಿ' ಎನ್ನುವ ವಿಂಟ್ ಸಂಕೇತ ನಿಲ್ಲುವುದೇ ಇಲ್ಲ, ಕರುಳಿನ ಒಳಪದರದಲ್ಲಿ ಪಾಲಿಪ್ ಅನ್ನೋ ಸಣ್ಣ ಗಂಟು ಏಳುತ್ತದೆ. ಪಾಲಿಪ್ ಕ್ಯಾನ್ಸರ್ ಆಗೋದಕ್ಕೆ ಹೆಚ್ಚಾಗಿ 10 ವರ್ಷವಾದರೂ ಬೇಕು. ಅಷ್ಟರೊಳಗೆ ಕಿತ್ತರೆ ಆಯಿತು. ಒಡಹುಟ್ಟಿದವರೂ ಕೊಲೊನೋಸ್ಕೋಪಿ (ಕ್ಯಾಮೆರಾ ಬಿಟ್ಟು ಕರುಳಿನ ಒಳಗೆ ನೋಡುವ ಪರೀಕ್ಷೆ) ಮಾಡಿಸಿಕೊಳ್ಳಲಿ ಎಂದರು ಡಾಕ್ಟರ್. ತಮ್ಮ ಬೈಯುತ್ತಲೇ ಅದಕ್ಕೆ ಮುಂಚೆ ಕರುಳು ಖಾಲಿ ಮಾಡುವ ಭೇದಿ ಔಷಧಿ ಕುಡಿದ. ಒಂದು ಪಾಲಿಪ್ ಸಿಕ್ಕಿತು, ಅಲ್ಲೇ ತೆಗೆದರು.

ಹೆಂಡತಿಗೆ ಏನು ಹೇಳಲಿ. ಆಕ್ಸಾಲಿಪ್ಲಾಟಿನ್ ಅನ್ನೋ ಕೀಮೋ ಔಷಧಿ ಹಾಕಿಸಿಕೊಂಡರೆ ತಣ್ಣಗಿನದು ಮುಟ್ಟುವ ಹಾಗಿಲ್ಲ, ಬೆರಳಿಗೆ ಕರೆಂಟ್ ಹೊಡೆದ ಹಾಗಾಗುತ್ತದೆ. ನಮ್ಮೂರಿನ ಡಿಸೆಂಬರ್ ಚಳಿ ಬೇರೆ. ಸ್ಟೀಲ್ ಲೋಟ, ಬಾಗಿಲ ಚಿಲಕ, ನಲ್ಲಿ ಎಲ್ಲಕ್ಕೂ ಬಟ್ಟೆ ಸುತ್ತಿಟ್ಟಿದ್ದಳು.

ಕೊಯ್ಲಿನ ಹೊತ್ತಲ್ಲಿ ಹಾಜರಿ ನೋಡಿಕೊಂಡ ಮೇಸ್ತ್ರಿಗೂ ಸಂಬಳ ನಿಲ್ಲಿಸದ ಸಾಹುಕಾರರಿಗೂ ನಮಸ್ಕಾರ. ಸೋಮವಾರದಿಂದ ಎಸ್ಟೇಟ್ ಆಫೀಸಿನಲ್ಲಿ ಸಿಗುತ್ತೇನೆ. ಯಾರಿಗಾದರೂ ರಿಪೋರ್ಟ್ ಅರ್ಥವಾಗದಿದ್ದರೆ ತನ್ನಿ, ಹುಡುಗಿ ರಜೆಗೆ ಬಂದಿದ್ದಾಳೆ.