ನಮ್ಮ ಅಂಗಡಿಯ ಮೋಟಾರು ರಿವೈಂಡಿಂಗ್ ಕೆಲಸದಲ್ಲಿ ಆಗಿರುವ ಬದಲಾವಣೆಯ ಕುರಿತು

ಶಿರಸಿ

ಮಾನ್ಯ ಗ್ರಾಹಕರೇ,

ಈ ಅಂಗಡಿಯನ್ನು ಕಟ್ಟಿ, ಕೊನೆಯ ವಾರದವರೆಗೂ ಕೆಲಸದ ಮೇಜಿನ ಮುಂದೆ ಕುಳಿತಿದ್ದ ನಮ್ಮ ತಂದೆಯವರು ಕಳೆದ ತಿಂಗಳು ತೀರಿಕೊಂಡ ಸಂಗತಿ ನಿಮ್ಮಲ್ಲಿ ಅನೇಕರಿಗೆ ತಿಳಿದಿದೆ. ಹುಲೇಕಲ್, ಬನವಾಸಿ ಕಡೆಗಳಿಂದ ಮನೆಯವರೆಗೆ ಬಂದು ಮಾತನಾಡಿಸಿದ ಎಲ್ಲರಿಗೂ ನಮ್ಮ ಕುಟುಂಬ ಋಣಿಯಾಗಿದೆ. ಅಂಗಡಿ ಮುಂದುವರಿಯುತ್ತದೆ. ಆದರೆ ಸುಟ್ಟ ಮೋಟಾರನ್ನು ಹೊಸ ತಂತಿ ಸುತ್ತಿ (ರಿವೈಂಡಿಂಗ್ ಮಾಡಿ) 2 ದಿನಗಳಲ್ಲಿ ಕಟ್ಟಿಕೊಡುವುದು ಇನ್ನು ಸಾಧ್ಯವಾಗದು. 5 ದಿನ ಬೇಕಾಗುತ್ತದೆ. ತೋಟಕ್ಕೇ ಬಂದು ಪಂಪ್‌ಸೆಟ್ ನೋಡುವುದನ್ನೂ ನಿಲ್ಲಿಸಿದ್ದೇವೆ.

ತಂದೆಯವರು ಓದಿದ್ದು ನಾಲ್ಕನೆಯ ತರಗತಿಯವರೆಗೆ ಮಾತ್ರ. ಗುಜರಿಗೆ ಹೊರಟಿದ್ದ ಸುಟ್ಟ ಮೋಟಾರೊಂದನ್ನು ಕೇಳಿ ತಂದು, ಕಾಯಿಲ್‌ಗಳನ್ನು, ಅಂದರೆ ತಂತಿಯ ಸುರುಳಿಗಳನ್ನು, ಒಂದೊಂದಾಗಿ ಬಿಚ್ಚಿ, ಯಾವ ಸ್ಲಾಟಿನಿಂದ (ತಂತಿ ಕೂರುವ ಗಾಡಿಯಿಂದ) ಹೊರಟ ತಂತಿ ಯಾವ ಸ್ಲಾಟಿಗೆ ಇಳಿದಿದೆ, ಎಷ್ಟು ಸುತ್ತು, ತಂತಿಯ ದಪ್ಪ ಯಾವ ಗೇಜು ಎಂದು ಬರೆದುಕೊಳ್ಳುತ್ತ ಅವರು ಈ ವಿದ್ಯೆಯನ್ನು ತಾವೇ ಕಲಿತರು. ಮೋಟಾರಿನ ಪಟ್ಟಿಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಓದಲು ಕಲಿತದ್ದು ಐದನೆಯ ತರಗತಿಯ ನನ್ನ ಪುಸ್ತಕದಿಂದ, ರಾತ್ರಿ ಊಟವಾದ ಮೇಲೆ, ನನ್ನ ಪಕ್ಕದಲ್ಲೇ ಕುಳಿತು. ನನಗೆ ಅವರು ಎಣಿಕೆ ಕಲಿಸಿದ್ದು ತಂತಿಯ ಸುತ್ತುಗಳಿಂದ.

"ಬರೀ ತಂತಿ ಸುತ್ತಿ ಕೊಟ್ರೆ ಮತ್ತೆ ಸುಡ್ತದೆ, ಯಾಕೆ ಸುಟ್ಟಿತು ಹೇಳಿ ಮೊದಲು ನೋಡ್ಬೇಕು" ಎಂಬುದು ಅವರು ನಿಮಗೆಲ್ಲ ಹೇಳುತ್ತಿದ್ದ ಮಾತು. ಎಲ್ಲ ಕಾಯಿಲ್‌ಗಳೂ ಒಂದೇ ಸಮನೆ ಕಪ್ಪಾಗಿದ್ದರೆ, ವೋಲ್ಟೇಜ್ ಕುಸಿದಾಗ ಅಷ್ಟೇ ನೀರನ್ನು ಎತ್ತಲು ಮೋಟಾರು ಹೆಚ್ಚು ಕರೆಂಟ್ ಎಳೆದು ಕಾದಿರಬೇಕು, ಅಥವಾ ಅದರ ಮೇಲೆ ಹೊರೆ ಹೆಚ್ಚಾಗಿರಬೇಕು; ಕೆಲವು ಕಾಯಿಲ್‌ಗಳು ಮಾತ್ರ ಕರಕಲಾಗಿ ಉಳಿದವು ಹೊಸದರಂತಿದ್ದರೆ, ಕರೆಂಟ್ ಬರುವ ಮೂರು ಫೇಸುಗಳಲ್ಲಿ (ಲೈನುಗಳಲ್ಲಿ) ಒಂದು ಹೋದ ಮೇಲೂ ಮೋಟಾರು ಓಡಿರಬೇಕು ಎಂದು ಅವರು ಮುಚ್ಚಳ ತೆಗೆದ ಕೂಡಲೇ ಗುರುತಿಸುತ್ತಿದ್ದರು. ಅದನ್ನು ಖಚಿತಪಡಿಸಿಕೊಳ್ಳಲೆಂದೇ ನಿಮ್ಮ ತೋಟದವರೆಗೆ ಬಂದು, ಮೋಟಾರನ್ನು ಚಾಲೂ ಮಾಡುವ ಸ್ಟಾರ್ಟರ್ ಪರೀಕ್ಷಿಸುತ್ತಿದ್ದರು. ಅದಕ್ಕೆ ಹಣ ಪಡೆದದ್ದನ್ನು ನಾನು ಕಂಡಿಲ್ಲ.

ಎರಡೇ ದಿನದಲ್ಲಿ ಮೋಟಾರು ಸಿದ್ಧವಾಗುತ್ತಿದ್ದುದು ಅವರು ನಿದ್ದೆ ಬಿಡುತ್ತಿದ್ದುದರಿಂದ. ವಾರ್ನಿಶ್ ಹಾಕಿದ ವೈಂಡಿಂಗ್ (ಸುತ್ತಿದ ತಂತಿ) ಪೂರ್ತಿ ಒಣಗಬೇಕು. ನಮ್ಮ ಮಲೆನಾಡಿನ ಮಳೆಗಾಲದ ಗಾಳಿಯಲ್ಲಿ ತೇವ ಒಳಗೇ ಉಳಿದರೆ ಕರೆಂಟ್ ಸೋರದಂತೆ ತಡೆಯುವ ಇನ್ಸುಲೇಶನ್ ದುರ್ಬಲವಾಗಿ, ಮೋಟಾರು ಬೇಗ ಕೆಡುತ್ತದೆ. ಆದ್ದರಿಂದ ಬಲ್ಬುಗಳನ್ನು ಜೋಡಿಸಿದ ತಗಡಿನ ಪೆಟ್ಟಿಗೆಯಲ್ಲಿ ಅದನ್ನು ಇಟ್ಟು, ಶಾಖ ಹೆಚ್ಚಾಗದಂತೆ ಬೆಳಗಿನವರೆಗೆ ಕಾಯುತ್ತಿದ್ದರು. ಈಗ ಕೆಲಸ ಮಾಡುವವರು ನಾನು ಮತ್ತು ಅವರ ಜೊತೆ ಬಹುಕಾಲ ದುಡಿದ ಸಹಾಯಕರು, ಇಬ್ಬರೇ. ರಾತ್ರಿ ಕಾಯಲು ನಮ್ಮಿಂದ ಆಗುವುದಿಲ್ಲ. ಕಾಯದೆ ಪೆಟ್ಟಿಗೆಯನ್ನು ಉರಿಯಲು ಬಿಡುವುದೂ ಸರಿಯಲ್ಲ. ಹಗಲಿನಲ್ಲಿ ಮಾತ್ರ ಒಣಗಿಸುವುದರಿಂದ ದಿನಗಳು ಹೆಚ್ಚಾಗಿವೆ. ಅರೆಒಣಗಿದ ಮೋಟಾರನ್ನು ಬೇಗ ಕೊಟ್ಟು ಕಳಿಸುವುದಕ್ಕಿಂತ ನಿಮ್ಮಿಂದ ಬೈಸಿಕೊಳ್ಳುವುದೇ ಮೇಲು ಎಂದು ನಾವು ನಿರ್ಧರಿಸಿದ್ದೇವೆ.

ತೋಟಕ್ಕೆ ಬರಲಾಗದ ಕಾರಣ, ಮೋಟಾರಿನ ಜೊತೆಗೆ ಸ್ಟಾರ್ಟರನ್ನೂ ತರಬೇಕೆಂದು ಕೋರುತ್ತೇವೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ ಮತ್ತು ಸುಣ್ಣದ ಔಷಧಿ) ಹೊಡೆಯುವ ಪಂಪುಗಳ ಮೋಟಾರುಗಳನ್ನು ಮೇ ತಿಂಗಳಲ್ಲೇ ತಂದುಕೊಟ್ಟರೆ ಮಳೆ ಹಿಡಿಯುವ ಮೊದಲು ಕೈಗೆ ಸಿಗುತ್ತವೆ. ಅಡಿಕೆ ವ್ಯಾಪಾರವಾದ ಮೇಲೆ ಹಣ ಕೊಡುವ ರೂಢಿ ಹಾಗೆಯೇ ಇರುತ್ತದೆ. ತಂದೆಯವರು ನಡೆಸಿಕೊಂಡು ಬಂದದ್ದನ್ನು ಬದಲಿಸುವ ಮನಸ್ಸು ನಮಗಿಲ್ಲ.

ತಾವು ಕಟ್ಟಿದ ಪ್ರತಿಯೊಂದು ಮೋಟಾರಿನ ಸುತ್ತುಗಳ ಲೆಕ್ಕವನ್ನೂ ತಂತಿಯ ಗೇಜನ್ನೂ ಅವರು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದಾರೆ. ಆ ಪುಟದ ಸಂಖ್ಯೆಯನ್ನು ನಿಮ್ಮ ಮೋಟಾರಿನ ಟರ್ಮಿನಲ್ ಪೆಟ್ಟಿಗೆಯ (ಕರೆಂಟ್ ತಂತಿ ಜೋಡಿಸುವ ಪೆಟ್ಟಿಗೆಯ) ಮುಚ್ಚಳದ ಒಳಮೈಯಲ್ಲಿ ಮೊಳೆಯಿಂದ ಗೀಚಿದ್ದಾರೆ. ದಯವಿಟ್ಟು ಆ ಮುಚ್ಚಳವನ್ನು ಕಳೆದುಕೊಳ್ಳದೆ ಮೋಟಾರಿನ ಜೊತೆಗೇ ತನ್ನಿ.

ಇತಿ,
ಅಂಗಡಿಯ ಪರವಾಗಿ,
ಅವರ ಮಗಳು